ದಿನಕ್ಕೊಂದು ಸಣ್ಣ ತಿದ್ದುಪಡಿ

ನಮ್ಮ ನ್ಯೂ ಟೌನಿನ ಇಕೋ ಪಾರ್ಕಿನಲ್ಲಿ ಜಪಾನೀ ಮಾದರಿಯ ತೋಟವೊಂದಿದೆ. ರಜೆಯ ದಿನ ನಮ್ಮವರು ಅಲ್ಲಿ ಅಡ್ಡಾಡಿ, ಚಿತ್ರ ತೆಗೆದುಕೊಂಡು ಮರಳುತ್ತಾರೆ. ಆದರೆ ಜಪಾನಿನಿಂದ ನಾವು ಕೋಣೆಗೆ ತಂದುಕೊಳ್ಳಬಹುದಾದ ವಸ್ತು ಬೇರೊಂದಿದೆ. ಅದೇ ‘ಕೈಜೆನ್’. ‘ಕೈ’ ಎಂದರೆ ಬದಲಾವಣೆ, ‘ಜೆನ್’ ಎಂದರೆ ಒಳ್ಳೆಯದು. ಇಂದಿನ ಕೆಲಸವನ್ನು ನಿನ್ನೆಗಿಂತ ಕೂದಲೆಳೆಯಷ್ಟಾದರೂ ಉತ್ತಮವಾಗಿ ಮಾಡುವುದೇ ಅದರ ಸಾರ. ಹನಿ ಹನಿ ಕೂಡಿದರೆ ಹಳ್ಳ ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ.

ಕನ್ನಡಿಗರಿಗೆ ಜಪಾನು ಹೊಸತಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿಯೇ ಆ ದೇಶವನ್ನು ಸುತ್ತಿ, ಅಲ್ಲಿನ ವಿದ್ಯೆಯನ್ನೂ ಕೈಗಾರಿಕೆಯನ್ನೂ ಕಂಡು ಬಂದರು. ಒಂದು ಶತಮಾನ ಕಳೆದ ಮೇಲೆ, 1999ರ ಕೊನೆಯಲ್ಲಿ, ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ವಾಹನಗಳ ತಯಾರಿಕೆ ಆರಂಭವಾಯಿತು. ಕೈಜೆನ್ ಎಂಬ ಮಾತು ನಮ್ಮ ಹಳ್ಳಿಯ ಹುಡುಗರ ಬಾಯಲ್ಲಿಯೂ ಆಡತೊಡಗಿತು.

ಕಾರ್ಖಾನೆಯ ಈ ಪಾಠದಲ್ಲಿ ಮೊದಲನೆಯದು ‘ಸೈರಿ’: ಬೇಡದ್ದನ್ನು ಬೇರ್ಪಡಿಸುವುದು. ಎರಡನೆಯದು ‘ಸೈತೋನ್’: ಬೇಕಾದುದಕ್ಕೆ ಒಂದು ನೆಲೆ ಗೊತ್ತುಮಾಡುವುದು. ನಾಲ್ವರು ಹಂಚಿಕೊಂಡ ಕೋಣೆಯಲ್ಲಿ ಬೀಗದ ಕೈ, ಗುರುತಿನ ಚೀಟಿ, ಊಟದ ಡಬ್ಬಿಗಳಿಗೆ ಒಂದೊಂದು ಮೊಳೆ ಅಥವಾ ಗೂಡು ಗೊತ್ತಾದರೆ, ಬೆಳಗಿನ ಹುಡುಕಾಟವೂ ಜಗಳವೂ ತಪ್ಪುತ್ತವೆ. ‘ಮೊತ್ತೈನಾಯ್’ ಎಂಬುದು ಜಪಾನೀಯರ ಇನ್ನೊಂದು ಮಾತು. ಉಪಯೋಗಕ್ಕೆ ಬರುವುದು ವ್ಯರ್ಥವಾಯಿತಲ್ಲಾ ಎಂಬ ಮರುಕ ಅದರಲ್ಲಿದೆ. ಅನ್ನದ ಅಗುಳನ್ನು ತುಳಿಯಬಾರದೆಂದು ಕಲಿತ ನಮಗೆ ಅದನ್ನು ವಿವರಿಸಬೇಕಾಗಿಲ್ಲ.

ಟೊಯೋಟಾದ ಇಂಜಿನಿಯರು ತಾಯಿಚಿ ಓನೋ ಅವರು ತಪ್ಪೊಂದು ಕಂಡರೆ ‘ಏಕೆ?’ ಎಂದು ಐದು ಸಲ ಕೇಳಬೇಕೆನ್ನುತ್ತಿದ್ದರು. ನಾವೂ ಕೇಳಿ ನೋಡೋಣ. ಈ ತಿಂಗಳು ಊರಿಗೆ ಕಳುಹಿಸಿದ ಹಣ ಕಡಿಮೆಯಾಯಿತು. ಏಕೆ? ಕೈಸಾಲ ತೀರಿಸಬೇಕಾಯಿತು. ಸಾಲವೇಕೆ? ದಿನವೂ ಹೊರಗಿನ ತಿಂಡಿ. ಅದೇಕೆ? ಬೆಳಿಗ್ಗೆ ಅಡಿಗೆಗೆ ಹೊತ್ತಿಲ್ಲ. ಏಕಿಲ್ಲ? ಎದ್ದದ್ದು ತಡ. ತಡವೇಕೆ? ನಡುರಾತ್ರಿಯವರೆಗೆ ಮೊಬೈಲು. ತಿದ್ದಬೇಕಾದುದು ಹಣದ ಲೆಕ್ಕವನ್ನಲ್ಲ, ರಾತ್ರಿಯ ಅರ್ಧ ಗಂಟೆಯನ್ನು.

ಆದರೆ ಇದೇ ಪ್ರಶ್ನೆಗೆ ಕೆಲವರಲ್ಲಿ ಬೇರೆ ಉತ್ತರ ಬಂದೀತು: ಸಾಲ ಮಾಡಿದ್ದು ಸಂಬಳ ಹೊತ್ತಿಗೆ ಬಾರದ್ದರಿಂದ. ಆಗ ತಪ್ಪನ್ನು ನಮ್ಮ ತಲೆಗೇ ಕಟ್ಟಿಕೊಳ್ಳುವುದು ಸಲ್ಲದು. ಕೊಡಬೇಕಾದವರನ್ನು, ನಾಲ್ಕು ಜನ ಕೂಡಿ, ವಿನಯದಿಂದಲೂ ಧೈರ್ಯದಿಂದಲೂ ಕೇಳಬೇಕು. ಬಿಡದಿಯಲ್ಲಿಯೇ 2020ರ ನವೆಂಬರಿನಲ್ಲಿ ಕಾರ್ಮಿಕರಿಗೂ ಆಡಳಿತಕ್ಕೂ ವಿರಸ ಬೆಳೆದು ಬೀಗಮುದ್ರೆ ಬಿದ್ದಿತು. ಕೆಲಸದ ಹೊರೆ ಹೆಚ್ಚಾಯಿತೆಂಬುದು ಕಾರ್ಮಿಕರ ದೂರಾಗಿತ್ತು. ಸುಧಾರಣೆಯೆಂಬುದು ದುಡಿಯುವವನ ಬೆನ್ನಿನ ಮೇಲಿನ ಮತ್ತೊಂದು ಮೂಟೆಯಾಗಬಾರದು. ಅವನ ಹೊರೆ ಇಳಿಸಿದರೆ ಮಾತ್ರ ಅದು ಸುಧಾರಣೆ.

ಮಲಗುವ ಮುನ್ನ ಕ್ಷಣಕಾಲ ದಿನವನ್ನು ತಿರುಗಿ ನೋಡುವುದಕ್ಕೆ ಜಪಾನೀಯರು ‘ಹಾನ್ಸೈ’ ಎನ್ನುತ್ತಾರೆ. ಅದು ತನ್ನನ್ನು ಹಳಿದುಕೊಳ್ಳುವುದಲ್ಲ, ನಾಳೆಗೆ ಒಂದೇ ತಿದ್ದುಪಡಿ ಆರಿಸಿಕೊಳ್ಳುವುದು. ದಿನಕ್ಕೆರಡು ಬಂಗಾಳಿ ಮಾತು ಕಲಿತರೂ ಸಾಕು. ವರ್ಷ ತುಂಬುವುದರೊಳಗೆ ಅಂಗಡಿಯವನೊಡನೆ ನೆರವಿಲ್ಲದೆ ಮಾತನಾಡಬಹುದು.

ಆರಂಭಕ್ಕೆ ಮುಹೂರ್ತ ಬೇಡ. ಓದಿ ಮುಗಿಸಿದ ಈ ಪತ್ರಿಕೆಯನ್ನು ಮಡಿಸಿ, ತೆಗೆದ ಸ್ಥಳದಲ್ಲಿಯೇ ಇಟ್ಟರೆ ಇಂದಿನ ತಿದ್ದುಪಡಿ ಆದಂತೆಯೇ.