ಮನೆ-ತೋಟದ ಕೆಲಸಗಳಿಗೆ ಪಟ್ಟಿ ಪುಸ್ತಕ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ರೈತರ ಹಿಡುವಳಿ ಸಾಮಾನ್ಯವಾಗಿ ಚಿಕ್ಕದು; ಕೆಲಸಗಳು ಮಾತ್ರ ಹತ್ತಾರು ಬಗೆ. ಒಂದೇ ಮನೆಯಲ್ಲಿ ಅಡಕೆ, ತೆಂಗು, ಕಾಳುಮೆಣಸು, ತುಸು ಭತ್ತದ ಗದ್ದೆ, ಎರಡು ಹಸು, ಅಂಗಳದಲ್ಲಿ ಮಲ್ಲಿಗೆ ಗಿಡಗಳು ಇರುವುದುಂಟು. ಇದರ ಜೊತೆಗೆ ಸೊಸೈಟಿಯ ಸಾಲ, ಬೆಳೆ ವಿಮೆ, ಪಹಣಿ, ಮಕ್ಕಳ ಶಾಲೆ, ಮದುವೆ-ಮುಂಜಿ ಇವೆಲ್ಲ ಇದ್ದೇ ಇರುತ್ತವೆ. ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ಕರಾವಳಿಯಲ್ಲಿ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆದ್ದರಿಂದ ಕೆಲಸ ಮಾಡಲು ಸಿಗುವ ಬಿಡುವಿನ ದಿನಗಳು ಕಡಿಮೆ. ಒಂದು ವಾರ ತಪ್ಪಿದರೆ ಕೆಲವು ಕೆಲಸಗಳು ಇಡೀ ವರ್ಷಕ್ಕೇ ತಪ್ಪಿದಂತೆ.

ಇಷ್ಟೆಲ್ಲ ಕೆಲಸಗಳ ಲೆಕ್ಕವನ್ನು ಬಹುತೇಕ ಮನೆಗಳಲ್ಲಿ ಯಜಮಾನನೋ ಯಜಮಾನಿಯೋ ತಲೆಯಲ್ಲಿಯೇ ಇಟ್ಟುಕೊಂಡಿರುತ್ತಾರೆ. ಅವರು ಕಾಯಿಲೆಯಿಂದ ಮಲಗಿದರೆ ಅಥವಾ ಊರಿಗೆ ಹೋದರೆ ಉಳಿದವರಿಗೆ ಏನೂ ತೋಚದು. ಇದಕ್ಕೆ ಸುಲಭವಾದ ಉಪಾಯವೆಂದರೆ ಪಟ್ಟಿ ಪುಸ್ತಕ.

ಇದು ಪೂರಾ ಹೊಸದೇನಲ್ಲ

ನಮ್ಮ ಅಂಗಡಿಕಾರರು ದಿನದ ವ್ಯವಹಾರವನ್ನು ಕಿರ್ದಿಯಲ್ಲಿ ಬರೆದು ಅನಂತರ ಖಾತೆಗೆ ಏರಿಸುತ್ತಿದ್ದರು. ಹಿಂದೆ ಕನ್ನಡ ನಾಡಿನಲ್ಲಿ ಹುಣಿಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಮಡಿಸಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುವ ರೂಢಿಯಿತ್ತು. ಕುಮಟಾದ ಬಗ್ಗೋಣ ಪಂಚಾಂಗ ಇಂದಿಗೂ ಈ ಭಾಗದ ಮನೆಗಳಲ್ಲಿ ತಿಥಿ, ಹಬ್ಬ, ಮಳೆ ನಕ್ಷತ್ರ ನೋಡಲು ಬಳಕೆಯಲ್ಲಿದೆ. ಪಂಚಾಂಗವು ಎಲ್ಲರಿಗೂ ಒಂದೇ ದಿನಗಳನ್ನು ಹೇಳುತ್ತದೆ. ಪಟ್ಟಿ ಪುಸ್ತಕವು ನಮ್ಮ ಮನೆಯ ದಿನಗಳನ್ನು ಹೇಳುತ್ತದೆ.

ಕಿರುಪಟ್ಟಿ ಮತ್ತು ಗುರುತುಗಳಿಂದ ದಿನಚರಿ ಇಡುವ ಒಂದು ಕ್ರಮವನ್ನು ಅಮೆರಿಕದ ನ್ಯೂಯಾರ್ಕಿನ ವಿನ್ಯಾಸಕಾರ ರೈಡರ್ ಕ್ಯಾರೊಲ್ ಎಂಬವರು ೨೦೧೩ರಲ್ಲಿ ಪ್ರಚಾರಕ್ಕೆ ತಂದರು. ೨೦೧೮ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದರು. ಪಟ್ಟಣದ ಯುವಜನರು ಇದನ್ನು ಬಣ್ಣ, ಚಿತ್ರಗಳಿಂದ ಸಿಂಗರಿಸಿ ಬಳಸುವುದುಂಟು. ಆ ಕ್ರಮವನ್ನು ನಮ್ಮ ಬೇಸಾಯಕ್ಕೆ ಒಗ್ಗುವಂತೆ ಬದಲಿಸಿ ಇಲ್ಲಿ ವಿವರಿಸಲಾಗಿದೆ.

ಬೇಕಾಗುವ ಸಾಮಗ್ರಿ

೨೦೦ ಪುಟಗಳ, ಗಟ್ಟಿ ರಟ್ಟಿನ ಒಂದು ನೋಟ್ ಪುಸ್ತಕ ಮತ್ತು ಒಂದು ಬಾಲ್ ಪೆನ್ನು ಸಾಕು. ಮಳೆಗಾಲದ ಥಂಡಿಗೆ ಶಾಯಿ ಹರಡುವುದರಿಂದ ಶಾಯಿ ಪೆನ್ನು ಬೇಡ. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಎಲ್ಲರ ಕೈಗೂ ಸಿಗುವಂತೆ ಅಡಿಗೆ ಮನೆಯ ಬಾಗಿಲ ಬಳಿ ತೂಗುಹಾಕಬೇಕು. ಪೆಟ್ಟಿಗೆಯೊಳಗೆ ಸೇರಿದ ಪುಸ್ತಕ ಉಪಯೋಗಕ್ಕೆ ಬಾರದು.

ಪುಟಗಳ ಜೋಡಣೆ

೧. ಮೊದಲ ೨ ಪುಟ: ವಿಷಯ ಸೂಚಿ. ಎಲ್ಲ ಪುಟಗಳಿಗೂ ಸಂಖ್ಯೆ ಹಾಕಿ, ಯಾವುದು ಎಲ್ಲಿದೆ ಎಂದು ಇಲ್ಲಿ ಬರೆಯಬೇಕು.

೨. ಮುಂದಿನ ೪ ಪುಟ: ವರ್ಷದ ನೋಟ. ಪುಟಕ್ಕೆ ೩ ತಿಂಗಳಂತೆ ಗೆರೆ ಎಳೆದು ಹಬ್ಬ, ಸಾಲದ ಗಡುವು, ವಿಮೆಯ ಕೊನೆಯ ದಿನ, ಮಳೆ ನಕ್ಷತ್ರ ಹುಟ್ಟುವ ದಿನಗಳನ್ನು ಗುರುತಿಸಬೇಕು.

೩. ತಿಂಗಳ ಪುಟಗಳು: ತಿಂಗಳಿಗೆ ೧೦ ಪುಟ. ಮೊದಲ ಪುಟದಲ್ಲಿ ತಿಂಗಳ ಕೆಲಸಗಳ ಪಟ್ಟಿ, ಉಳಿದವುಗಳಲ್ಲಿ ದಿನದ ಟಿಪ್ಪಣಿ.

೪. ಕೊನೆಯ ಪುಟಗಳು: ಸ್ಥಿರ ಪಟ್ಟಿಗಳು. ಸರ್ವೆ ನಂಬರು, ಪಾಸ್‌ಬುಕ್ ಮತ್ತು ವಿಮೆಯ ಕಾಗದ ಇಟ್ಟಿರುವ ಜಾಗ, ಕೊಡುವ-ಬರುವ ಬಾಕಿ, ಪಶುವೈದ್ಯರು, ಲೈನ್‌ಮನ್, ಕೊನೆಗೌಡರ ಫೋನ್ ಸಂಖ್ಯೆ. ಬ್ಯಾಂಕಿನ ಗುಪ್ತ ಸಂಖ್ಯೆಯನ್ನು ಮಾತ್ರ ಎಂದಿಗೂ ಬರೆಯಬಾರದು.

ತೋಟ-ಗದ್ದೆಗಳ ನಕ್ಷೆಗೆ ಒಂದು ಪುಟ ಮೀಸಲಿಡುವುದು ಒಳ್ಳೆಯದು. ಮಕ್ಕಳಿಗೆ ಬಣ್ಣದ ಪೆನ್ಸಿಲ್ ಕೊಟ್ಟು ಬರೆಯಿಸಿದರೆ ಅವರಿಗೂ ಜಮೀನಿನ ಪರಿಚಯವಾಗುವುದು. ರೋಗ ಬಂದ ಮರ, ಹೊಸ ಸಸಿ, ಬಸಿಗಾಲುವೆ ಕಟ್ಟಿಕೊಳ್ಳುವ ಜಾಗ ಇವನ್ನು ಬೇರೆ ಬೇರೆ ಬಣ್ಣದಿಂದ ಗುರುತಿಸಬಹುದು.

ಐದು ಗುರುತುಗಳು

• ಚುಕ್ಕೆ: ಮಾಡಬೇಕಾದ ಕೆಲಸ
○ ಸೊನ್ನೆ: ಇಂಥದೇ ದಿನ ನಡೆಯುವ ಸಂಗತಿ
– ಅಡ್ಡಗೆರೆ: ಟಿಪ್ಪಣಿ, ಬೆಲೆ, ಕಂಡ ವಿಷಯ
× ಚುಕ್ಕೆಯ ಮೇಲೆ ಕತ್ತರಿ ಗುರುತು: ಕೆಲಸ ಮುಗಿಯಿತು
→ ಬಾಣ: ಮುಂದಿನ ಪುಟಕ್ಕೆ ಒಯ್ಯಲಾಗಿದೆ

ಒಂದು ಸಾಲಿಗೆ ಒಂದೇ ವಿಷಯ. ಉದ್ದ ವಾಕ್ಯ ಬೇಡ. ಕೆಲಸ ಯಾರದೋ ಅವರ ಹೆಸರಿನ ಮೊದಲ ಅಕ್ಷರವನ್ನು ಸಾಲಿನ ಕೊನೆಗೆ ಬರೆಯಬೇಕು.

ದೊಡ್ಡ ಕೆಲಸವನ್ನು ಒಡೆದು ಬರೆಯಿರಿ

"ಅಡಕೆಗೆ ಮದ್ದು ಹೊಡೆಯುವುದು" ಎಂದು ಬರೆದರೆ ಅದು ಒಂದು ಕೆಲಸವಲ್ಲ, ಐದಾರು ಕೆಲಸಗಳ ಕಟ್ಟು. ಒಂದು ಸಾಮಗ್ರಿ ಸಿಗದಿದ್ದರೂ ಎಲ್ಲವೂ ನಿಲ್ಲುತ್ತದೆ. ಹೊನ್ನಾವರ ಕಡೆಯ ಒಂದು ತೋಟಕ್ಕೆ ೫೦೦ ಲೀಟರ್ ಬೋರ್ಡೋ ದ್ರಾವಣ ಬೇಕು ಎಂದಿಟ್ಟುಕೊಳ್ಳೋಣ. ಶೇಕಡಾ ೧ರ ದ್ರಾವಣಕ್ಕೆ ೧೦೦ ಲೀಟರಿಗೆ ೧ ಕಿಲೋ ಮೈಲುತುತ್ತ, ೧ ಕಿಲೋ ಸುಣ್ಣ. ಮೇ ತಿಂಗಳ ಪುಟ ಹೀಗಿರಬಹುದು:

× ಮೈಲುತುತ್ತ ೫ ಕಿಲೋ, ಸುಣ್ಣ ೫ ಕಿಲೋ ತರುವುದು
× ಪಂಪು, ಪೈಪು ಪರೀಕ್ಷೆ
× ಕೊನೆಗೌಡರಿಗೆ ದಿನ ಹೇಳುವುದು
→ ಬಸಿಗಾಲುವೆ ಬಿಡಿಸುವುದು
○ ಮೇ ೨೮: ಮೊದಲ ಸಿಂಪರಣೆ
– ಕೆಳಗಿನ ತೋಟದ ೪ ಮರ ಬಾಕಿ

ಕೊಳೆರೋಗಕ್ಕೆ ಮೊದಲ ಸಿಂಪರಣೆ ಮಳೆ ಹಿಡಿಯುವ ಮುನ್ನ, ಎರಡನೆಯದು ಅಲ್ಲಿಂದ ೪೦-೪೫ ದಿನಕ್ಕೆ ಆಗಬೇಕು. ಆದ್ದರಿಂದ ಮೇ ೨೮ರಂದು ಕೈ ತೊಳೆದು ಬಂದ ಕೂಡಲೇ ಜುಲೈ ಪುಟದಲ್ಲಿ "ಜುಲೈ ೭ರಿಂದ ೧೨: ಎರಡನೆಯ ಸಿಂಪರಣೆ" ಎಂದು ಬರೆದಿಡಬೇಕು. ಆ ಹೊತ್ತಿಗೆ ಪುನರ್ವಸು ಮಳೆ. ಹೊಳವು ಸಿಕ್ಕ ದಿನವೇ ಕೆಲಸ ನಡೆಯಬೇಕು. ದಿನ ಮರೆತು, ಸಾಮಗ್ರಿಯೂ ಇಲ್ಲದೆ ಹೊಳವು ಕೈತಪ್ಪಿದರೆ ಎಳೆಗಾಯಿ ಉದುರುವುದನ್ನು ನೋಡುತ್ತ ಕೂರಬೇಕಾದೀತು.

ಮುಂದಿನ ದಿನವನ್ನು ಇಂದೇ ಬರೆಯಿರಿ

ಹೀಗೆ ದಿನ ಲೆಕ್ಕದ ಮೇಲೆ ನಡೆಯುವ ಕೆಲಸಗಳು ಹಲವು. ಹಸುವಿಗೆ ಜೂನ್ ೧೦ರಂದು ಕೃತಕ ಗರ್ಭಧಾರಣೆ ಮಾಡಿಸಿದರೆ, ೨೧ ದಿನಕ್ಕೆ, ಅಂದರೆ ಜುಲೈ ೧ರ ಸುಮಾರಿಗೆ, ಮತ್ತೆ ಬೆದೆ ಬಂದಿತೇ ಎಂದು ನೋಡಬೇಕು. ಗಬ್ಬ ನಿಂತರೆ ಸುಮಾರು ೨೮೦ ದಿನಕ್ಕೆ, ಮಾರ್ಚ್ ೧೭ರ ಆಸುಪಾಸಿನಲ್ಲಿ, ಕರು ಹಾಕುವುದು. ಅದಕ್ಕೆ ೬೦ ದಿನ ಮೊದಲು, ಜನವರಿ ೧೬ರ ಹೊತ್ತಿಗೆ, ಹಾಲು ಬತ್ತಿಸಬೇಕು. ಈ ಮೂರೂ ದಿನಗಳನ್ನು ಒಮ್ಮೆಗೇ ಬರೆದುಬಿಟ್ಟರೆ ಒಂಬತ್ತು ತಿಂಗಳು ನೆನಪಿಡುವ ಕೆಲಸ ತಪ್ಪುತ್ತದೆ.

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವವರಿಗೆ ಹುಣ್ಣಿಮೆ, ಅಮಾವಾಸ್ಯೆಗಳ ದೊಡ್ಡ ಉಬ್ಬರ ಮುಖ್ಯ. ಪಂಚಾಂಗ ನೋಡಿ ಆ ದಿನಗಳಿಗೆ ಸೊನ್ನೆ ಹಾಕಿ, ಎರಡು ದಿನ ಮುಂಚೆ "ಕಟ್ಟೆ, ಬಾಗಿಲ ಹಲಗೆ ನೋಡುವುದು" ಎಂದು ಚುಕ್ಕೆ ಇಡಬೇಕು. ಭಟ್ಕಳ ಮಲ್ಲಿಗೆ ಬೆಳೆಯುವವರು ದಿನವೂ ಕೊಯ್ದ ಮೊಗ್ಗು ಮತ್ತು ಬೆಲೆಯನ್ನು, ತಾವು ಮಾರುವ ಅಳತೆಯಲ್ಲಿಯೇ, ಅಡ್ಡಗೆರೆ ಹಾಕಿ ಬರೆಯಲಿ. ಮದುವೆ, ಹಬ್ಬಗಳ ಕಾಲಕ್ಕೆ ಬೆಲೆ ಎಷ್ಟು ಏರಿತು, ಯಾವಾಗ ಇಳಿಯಿತು ಎಂಬುದು ಒಂದು ವರ್ಷದಲ್ಲಿ ಕಣ್ಣಿಗೆ ಕಾಣುವುದು. ಕುಮಟಾದ ಸಿಹಿ ಈರುಳ್ಳಿಯನ್ನು ಹೆದ್ದಾರಿ ಬದಿ ಮಾರುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ತಿಂಗಳ ಕೊನೆಯ ಅರ್ಧ ಗಂಟೆ

ಪಟ್ಟಿ ಬರೆಯುವುದು ಯಾರಿಗೂ ಕಷ್ಟವಲ್ಲ. ಬರೆದ ಪಟ್ಟಿಯನ್ನು ಮತ್ತೆ ನೋಡದಿರುವುದರಿಂದಲೇ ಹೆಚ್ಚಿನ ಪುಸ್ತಕಗಳು ಎರಡನೆಯ ತಿಂಗಳಿಗೆ ಮೂಲೆ ಸೇರುವುದು. ಈ ಕ್ರಮದ ಜೀವಾಳವಿರುವುದು ಬಾಣದ ಗುರುತಿನಲ್ಲಿ. ತಿಂಗಳ ಕೊನೆಯ ದಿನ ರಾತ್ರಿ ಊಟದ ನಂತರ ಮನೆಯವರೆಲ್ಲ ಕುಳಿತು, ಉಳಿದ ಪ್ರತಿ ಚುಕ್ಕೆಯನ್ನೂ ಓದಬೇಕು. ಇನ್ನೂ ಬೇಕಾದ ಕೆಲಸವಾದರೆ ಬಾಣ ಹಾಕಿ, ಮುಂದಿನ ತಿಂಗಳ ಪುಟಕ್ಕೆ ಕೈಯಾರೆ ಬರೆಯಬೇಕು. ಬೇಡವಾದುದನ್ನು ಗೆರೆ ಎಳೆದು ತೆಗೆದುಹಾಕಬೇಕು.

ಒಂದೇ ಕೆಲಸ ಮೂರು ಸಲ ಮುಂದೆ ಹೋದರೆ ಅದಕ್ಕೆ ಕಾರಣವಿದ್ದೇ ಇರುತ್ತದೆ. ಹಣವಿಲ್ಲವೇ, ಆಳು ಸಿಗದೇ, ಅಥವಾ ಆ ಕೆಲಸವೇ ಅನಗತ್ಯವೇ? ಅಂದೇ ತೀರ್ಮಾನಿಸಬೇಕು. "ಸಾಲ ನವೀಕರಣ" ಎಂಬ ಸಾಲು ಹೀಗೆ ಮುಂದೆ ಹೋಗುತ್ತಿದ್ದರೆ ಎಚ್ಚರ. ಗಡುವಿನೊಳಗೆ ತೀರಿಸಿದರಷ್ಟೇ ಬಡ್ಡಿಯ ರಿಯಾಯಿತಿ ದೊರೆಯುವುದು.

ಇಡೀ ಮನೆಯ ಪುಸ್ತಕವಾಗಲಿ

ಮೊಬೈಲಿನಲ್ಲಿ ಗಂಟೆ ಇಡುವುದು ಒಳ್ಳೆಯದೇ. ಆದರೆ ಅದು ಒಬ್ಬರ ಜೇಬಿನಲ್ಲಿರುತ್ತದೆ. ಭಟ್ಕಳ ಕಡೆಯ ಎಷ್ಟೋ ಕುಟುಂಬಗಳಲ್ಲಿ ದುಡಿಯುವವರು ಗಲ್ಫ್ ದೇಶಗಳಲ್ಲಿದ್ದು, ಮನೆಯ ಭಾರ ಹೆಂಗಸರ ಮೇಲಿರುತ್ತದೆ. ತಿಂಗಳ ಪುಟದ ಫೋಟೋ ತೆಗೆದು ಕಳಿಸಿದರೆ ದೂರದಲ್ಲಿರುವವರಿಗೂ ಮನೆಯ ಸ್ಥಿತಿ ತಿಳಿಯುವುದು. ಹೆಂಗಸರು, ಮಕ್ಕಳು, ಹಿರಿಯರು ಎಲ್ಲರೂ ಬರೆಯಬೇಕು. ಅಕ್ಷರ ಅಂದವಾಗಿರಬೇಕೆಂಬ ನಿಯಮವಿಲ್ಲ. ಮನೆಯ ಇನ್ನೊಬ್ಬರಿಗೆ ಓದಲು ಬಂದರೆ ಸಾಕು. ಮನೆಯ ಹಿರಿಯರು ಅಕಸ್ಮಾತ್ ತೀರಿಕೊಂಡಾಗ ವಿಮೆಯ ಕಾಗದ, ಕೈಸಾಲದ ಲೆಕ್ಕ ಹುಡುಕುತ್ತ ಪರದಾಡುವ ಪ್ರಮೇಯವೂ ಬಾರದು.

ವಿಸ್ತರಣಾ ಕಾರ್ಯಕರ್ತರಿಗೆ

ಗ್ರಾಮ ಸಭೆ, ಸ್ವಸಹಾಯ ಸಂಘಗಳಲ್ಲಿ ಮೊದಲ ತಿಂಗಳ ಪುಟವನ್ನು ಅಲ್ಲಿಯೇ ಬರೆಯಿಸಿರಿ. ಒಂದೇ ಮಾದರಿಯನ್ನು ಹೇರಬೇಡಿ. ತೋಟಕ್ಕೆ ಭೇಟಿ ಕೊಟ್ಟಾಗ ಪುಸ್ತಕ ಕೇಳಿರಿ. ಸಿಂಪರಣೆಯ ದಿನ, ಗೊಬ್ಬರದ ಪ್ರಮಾಣ, ರೋಗ ಕಂಡ ದಿನ ಬರಹದಲ್ಲಿದ್ದರೆ ನೀವು ಕೊಡುವ ಸಲಹೆಯೂ ಖಚಿತವಾಗುವುದು.

ಪುಸ್ತಕ ಆರಂಭಿಸಲು ಯುಗಾದಿಗೆ ಕಾಯಬೇಕಾಗಿಲ್ಲ. ಇಂದು ರಾತ್ರಿ, ಮರೆಯಬಾರದ ಹತ್ತು ಕೆಲಸಗಳನ್ನು ಹತ್ತು ಸಾಲಿನಲ್ಲಿ ಬರೆದು, ಪ್ರತಿಯೊಂದರ ಮುಂದೆ ಒಂದು ಚುಕ್ಕೆ ಇಡಿ.