ಯಾವೂರಾಯ್ತು? ಫೀಸು ಆಮೇಲೆ ಹೇಳ್ತೀವಿ

1971ರ ಮೇ ತಿಂಗಳಲ್ಲಿ, ಕ್ಯಾಲಿಫೋರ್ನಿಯಾದಲ್ಲಿದ್ದ ಮಾರ್ಗರೆಟ್ ಮಾರ್ಶ್ ದೇಶದ ಇನ್ನೊಂದು ತುದಿಯ ಕನೆಕ್ಟಿಕಟ್ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರು. ಕಾರಣ ಮದುವೆ. ವರ ಪೀಟರ್ ಕ್ಲೈನ್ ಹುಟ್ಟಿನಿಂದ ಕನೆಕ್ಟಿಕಟ್‌ನವರು. ಜೂನ್ 26ಕ್ಕೆ ಮದುವೆಯಾಯಿತು, ಅಲ್ಲೇ ಮನೆ ಹೂಡಿದ್ದೂ ಆಯಿತು. ಮಾರ್ಗರೆಟ್ ಆ ರಾಜ್ಯದ ಡ್ರೈವಿಂಗ್ ಲೈಸೆನ್ಸ್ ಮಾಡಿಸಿದರು, ಕಾರನ್ನು ಅಲ್ಲೇ ನೋಂದಾಯಿಸಿದರು, ಮತದಾರರ ಪಟ್ಟಿಗೂ ಸೇರಿದರು. ಆದರೆ ಫೀಸು ಕಟ್ಟುವ ಹೊತ್ತಿಗೆ ಅವರು ಹೊರರಾಜ್ಯದವರು! ಮೊದಲ ಸೆಮಿಸ್ಟರಿಗೆ 150 ಡಾಲರ್ ಬೋಧನಾ ಶುಲ್ಕ, ಅದರ ಮೇಲೆ 200 ಡಾಲರ್ ಹೊರಗಿನವರ ಶುಲ್ಕ. ರಾಜ್ಯದ ಮಕ್ಕಳಿಗೆ ಆಗ ಬೋಧನಾ ಶುಲ್ಕವೇ ಇರಲಿಲ್ಲ. ಎರಡನೆಯ ಸೆಮಿಸ್ಟರಿಗೆ ಇವರು ಕಟ್ಟಬೇಕಾದದ್ದು 425ರ ಜೊತೆಗೆ ಮತ್ತೆ 200. ಪಕ್ಕದಲ್ಲಿ ಕೂತವರಿಗೆ 175.

ಕನೆಕ್ಟಿಕಟ್‌ನ ಕಾನೂನು ಹೀಗಿತ್ತು: ಮದುವೆಯಾದವರ ವಿಳಾಸ ಅರ್ಜಿ ಹಾಕಿದಾಗ ರಾಜ್ಯದ ಹೊರಗಿದ್ದರೆ, ಮದುವೆಯಾಗದವರ ವಿಳಾಸ ಅರ್ಜಿಗೆ ಹಿಂದಿನ ಒಂದು ವರ್ಷದಲ್ಲಿ ಯಾವಾಗಲಾದರೂ ಹೊರಗಿದ್ದರೆ, ಓದು ಮುಗಿಯುವ ತನಕ ಅವರು ಹೊರಗಿನವರೇ. ನಡುವೆ ಮನೆ ಕೊಂಡರೂ, ತೆರಿಗೆ ಕಟ್ಟಿದರೂ, ಸಂಸಾರ ಹೂಡಿದರೂ ಲೆಕ್ಕಕ್ಕಿಲ್ಲ. ಓಹಿಯೊದಿಂದ ಬಂದಿದ್ದ ಪೆಟ್ರೀಷಿಯಾ ಕಟಪಾನೊ ಎಂಬ ಇನ್ನೊಬ್ಬ ವಿದ್ಯಾರ್ಥಿನಿಯೂ ಇದೇ ಬೋನಿಗೆ ಬಿದ್ದಿದ್ದರು. ಇಬ್ಬರೂ ಸೇರಿ ಕೋರ್ಟಿಗೆ ಹೋದರು. ಎದುರು ಪಕ್ಷದಲ್ಲಿ ಹೆಸರಿಗೆ ನಿಂತವರು ವಿಶ್ವವಿದ್ಯಾಲಯದ ಪ್ರವೇಶ ವಿಭಾಗದ ನಿರ್ದೇಶಕ ಜಾನ್ ವ್ಲಾಂಡಿಸ್. ಅಮೆರಿಕದ ವಿದ್ಯಾರ್ಥಿಗಳು ‘ನಾವು ಈ ರಾಜ್ಯದವರೇ’ ಎಂದು ಸಾಬೀತು ಮಾಡಲು ಇವತ್ತು ಕಟ್ಟುಗಟ್ಟಲೆ ಕಾಗದ ಜೋಡಿಸುವುದರ ಹಿಂದೆ ಈ ಮೊಕದ್ದಮೆಯ ಪಾಲು ದೊಡ್ಡದು.

ಈ ಎರಡು ದರಗಳ ಕಥೆ ಇನ್ನೂ ಹಳೆಯದು. 1862ರ ಮಾರಿಲ್ ಕಾಯ್ದೆ ಒಂದೊಂದು ರಾಜ್ಯಕ್ಕೂ ಭೂಮಿ ಕೊಟ್ಟು, ಅದನ್ನು ಮಾರಿ ಬಂದ ದುಡ್ಡಿನಲ್ಲಿ ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜು ನಡೆಸಿ ಎಂದಿತು. ರೈತರ, ಕೂಲಿಗಳ ಮಕ್ಕಳಿಗೂ ಕಾಲೇಜಿನ ಬಾಗಿಲು ತೆರೆಯಬೇಕೆಂಬುದು ಆಸೆ. 1868ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಸ್ಥಾಪನಾ ಕಾಯ್ದೆಯಲ್ಲೇ, ರಾಜ್ಯದ ನಿವಾಸಿಗಳಿಗೆ ಬೋಧನೆ ಉಚಿತ ಎಂಬ ಗುರಿ ಬರೆದಿಟ್ಟರು. ‘ರಾಜ್ಯದ ನಿವಾಸಿಗಳಿಗೆ’ ಎಂದು ಒಮ್ಮೆ ಬರೆದ ಮೇಲೆ, ನಿವಾಸಿ ಯಾರು ಎಂದು ಯಾರಾದರೂ ತೀರ್ಮಾನಿಸಲೇಬೇಕಲ್ಲ? ಒಂದು ವರ್ಷ ವಾಸವಿದ್ದವರು ಎಂಬ ಗೆರೆ ಬಂತು. ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿದಾಗ, ರಾಜ್ಯದ ಸುಪ್ರೀಂ ಕೋರ್ಟ್ 1922ರಲ್ಲಿ ಗೆರೆ ಸರಿಯಾಗಿಯೇ ಇದೆ ಎಂದಿತು. ಅಪ್ಪ ಅಮ್ಮ ಕಟ್ಟಿದ ತೆರಿಗೆಯಿಂದ ನಡೆಯುವ ಕಾಲೇಜು, ಆದ್ದರಿಂದ ಅವರ ಮಕ್ಕಳಿಗೆ ರಿಯಾಯಿತಿ ಎಂಬ ವಾದ ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಕೇಳುತ್ತದೆ. ನಿನ್ನೆ ಬಂದು ಇವತ್ತಿನಿಂದ ತೆರಿಗೆ ಕಟ್ಟುವವರ ಕಥೆಯೇನು ಎಂದು ಕೇಳಿದ ಕೂಡಲೇ ಅದು ಅಲುಗಾಡುತ್ತದೆ.

ಅರ್ಧ ಶತಮಾನ ಈ ಗೆರೆಯನ್ನು ಯಾರೂ ಅಷ್ಟಾಗಿ ಕೆದಕಲಿಲ್ಲ. 1969ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಹೊಸದಾಗಿ ಬಂದ ಬಡವರಿಗೆ ಸರ್ಕಾರಿ ನೆರವು ಕೊಡಲು ಒಂದು ವರ್ಷ ಕಾಯಿಸುವಂತಿಲ್ಲ ಎಂದು ತೀರ್ಪು ಕೊಟ್ಟಿತು. ನೆರವಿಗೆ ಕಾಯಿಸಬಾರದೆಂದರೆ ಕಾಲೇಜಿನ ರಿಯಾಯಿತಿಗೇಕೆ ಕಾಯಿಸಬೇಕು? ಮಿನೆಸೋಟದಲ್ಲಿ ಈ ಪ್ರಶ್ನೆ ಎತ್ತಿದವರು ಸೋತರು; 1971ರಲ್ಲಿ ಸುಪ್ರೀಂ ಕೋರ್ಟು ವಿಚಾರಣೆಯನ್ನೂ ನಡೆಸದೆ ಕೆಳಗಿನ ತೀರ್ಪನ್ನು ಎತ್ತಿಹಿಡಿಯಿತು. ಅನ್ನಕ್ಕೆ ಕಾಯಿಸುವುದು ತಪ್ಪು, ಅಕ್ಷರಕ್ಕೆ ಕಾಯಿಸುವುದು ತಪ್ಪಲ್ಲ ಎಂಬಲ್ಲಿಗೆ ಬಂದು ನಿಂತಿತು. ಅದೇ ವರ್ಷ ಸಂವಿಧಾನದ 26ನೇ ತಿದ್ದುಪಡಿ 18 ತುಂಬಿದವರಿಗೆ ಮತದಾನದ ಹಕ್ಕು ಕೊಟ್ಟಿತು. ಅಲ್ಲಿಯವರೆಗೆ ಹುಡುಗನ ಊರು ಯಾವುದೆಂದರೆ ಅಪ್ಪನ ಊರು ಎಂದರೆ ಸಾಕಿತ್ತು. ಈಗ ಹದಿನೆಂಟರ ಹುಡುಗಿ ತಾನೇ ಒಂದು ಊರು ಆರಿಸಿಕೊಳ್ಳಬಹುದು, ಕಾಲೇಜಿರುವ ಊರಲ್ಲೇ ಓಟು ಹಾಕಬಹುದು. ರಾಜ್ಯಗಳ ಖಜಾನೆಯವರು ಗಾಬರಿಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಇಂಥ ಹೊತ್ತಿನಲ್ಲಿ ಕ್ಲೈನ್ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂತು. 1973ರ ಜೂನ್ 11ರಂದು ಆರು ನ್ಯಾಯಮೂರ್ತಿಗಳು ಒಂದು ಕಡೆ, ಮೂವರು ಇನ್ನೊಂದು ಕಡೆ. ಬಹುಮತದ ತೀರ್ಪು ಬರೆದವರು ಪಾಟರ್ ಸ್ಟೂವರ್ಟ್. ರಾಜ್ಯ ತನ್ನ ನಿಜವಾದ ನಿವಾಸಿಗಳಿಗೆ ಕಡಿಮೆ ಫೀಸು ಇಡಬಹುದು, ಅದರಲ್ಲಿ ತಕರಾರಿಲ್ಲ. ಆದರೆ ಒಬ್ಬರನ್ನು ಶಾಶ್ವತವಾಗಿ ಹೊರಗಿನವರೆಂದು ಊಹಿಸಿಬಿಟ್ಟು, ಆ ಊಹೆ ಸುಳ್ಳೆಂದು ತೋರಿಸಲು ಅವಕಾಶವನ್ನೇ ಕೊಡದಿರುವುದು ಸಂವಿಧಾನಕ್ಕೆ ವಿರುದ್ಧ, ಎಂಬುದು ಅದರ ಸಾರ. ಹಾಗಾದರೆ ನಿಜವಾದ ನಿವಾಸಿಯನ್ನು ಗುರುತಿಸುವುದು ಹೇಗೆ? ಸ್ಟೂವರ್ಟ್ ಕನೆಕ್ಟಿಕಟ್‌ನ ಅಟಾರ್ನಿ ಜನರಲ್ ಕೊಟ್ಟಿದ್ದ ಅಭಿಪ್ರಾಯವೊಂದನ್ನೇ ಎತ್ತಿ ತೋರಿಸಿದರು: ಡೊಮಿಸೈಲ್ ಎಂದರೆ ಎಲ್ಲಿಗೆ ಹೋದರೂ ಮರಳಿ ಬರಬೇಕೆಂದುಕೊಂಡಿರುವ ಕಾಯಂ ನೆಲೆ; ಅದನ್ನು ತಿಳಿಯಲು ಲೈಸೆನ್ಸು, ಕಾರಿನ ನೋಂದಣಿ, ಮತದಾರರ ಪಟ್ಟಿ, ಇಂಥವನ್ನೆಲ್ಲ ಒಟ್ಟಿಗಿಟ್ಟು ತೂಗಿ ನೋಡಬೇಕು.

ತೀರ್ಪು ಉದಾರವಾದದ್ದೇ. ಆದರೆ ಅದರಿಂದ ಹುಟ್ಟಿದ ವ್ಯವಸ್ಥೆ ವಿಚಿತ್ರವಾಗಿದೆ. ‘ಇಲ್ಲೇ ಇರಬೇಕೆಂದಿದ್ದೇನೆ’ ಎಂಬುದು ಮನಸ್ಸಿನೊಳಗಿನ ಮಾತು. ಅದನ್ನು ಗುಮಾಸ್ತರು ಅಳೆಯಬೇಕಾದದ್ದು ಬೇರೆ ಬೇರೆ ಕೆಲಸಕ್ಕೆಂದು ಮಾಡಿಸಿದ ಕಾಗದಗಳಿಂದ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನಿಯಮಗಳನ್ನೇ ನೋಡಿ. ಒಂದು ವರ್ಷಕ್ಕಿಂತ ಹೆಚ್ಚು, ಅಂದರೆ 366 ದಿನ ರಾಜ್ಯದಲ್ಲಿ ವಾಸ ಇರಬೇಕು. ಹಳೆಯ ರಾಜ್ಯದ ನಂಟು ಕಡಿದುಕೊಂಡು ಇಲ್ಲೇ ನೆಲೆಯೂರುವ ಉದ್ದೇಶ ಕಾಣಿಸಬೇಕು. 24 ತುಂಬದ, ಮದುವೆಯಾಗದ ವಿದ್ಯಾರ್ಥಿಯ ಅಪ್ಪ ಅಮ್ಮ ಹೊರರಾಜ್ಯದಲ್ಲಿದ್ದರೆ, ತನ್ನ ಖರ್ಚು ತಾನೇ ನಿಭಾಯಿಸುತ್ತಿದ್ದೇನೆಂದೂ ಸಾಮಾನ್ಯವಾಗಿ ತೋರಿಸಬೇಕು. ಓದಲೆಂದೇ ಬಂದು ವಾಸವಿದ್ದರೆ ಅದು ವಾಸವೇ ಅಲ್ಲ. ಹದಿನೆಂಟು ತುಂಬಿದವರು ಮನೆ ಬಿಟ್ಟು ಇನ್ನೊಂದು ಊರಿಗೆ ಹೋಗುವುದೇ ಓದಲಿಕ್ಕೆ. ಆ ಒಂದು ಕಾರಣ ಮಾತ್ರ ಇಲ್ಲಿ ನಡೆಯುವುದಿಲ್ಲ. ಇಷ್ಟಕ್ಕೆಲ್ಲ ಕಟ್ಟಿರುವ ಬೆಲೆ ಸಣ್ಣದಲ್ಲ. 2024-25ರಲ್ಲಿ ಅಲ್ಲಿ ಹೊರರಾಜ್ಯದ ಪದವಿ ವಿದ್ಯಾರ್ಥಿ ಎಲ್ಲರೂ ಕಟ್ಟುವ ಫೀಸಿನ ಮೇಲೆ ಹೆಚ್ಚಿಗೆ ಕಟ್ಟಬೇಕಾಗಿದ್ದದ್ದು 34,200 ಡಾಲರ್. ನಮ್ಮ ರೂಪಾಯಿಯಲ್ಲಿ 28 ಲಕ್ಷ ದಾಟುತ್ತದೆ, ಅದೂ ವರ್ಷಕ್ಕೆ. 2008ರ ಆರ್ಥಿಕ ಕುಸಿತದ ಮೇಲೆ ಸರ್ಕಾರದ ಅನುದಾನ ಇಳಿದಾಗ ಅನೇಕ ಸರ್ಕಾರಿ ವಿಶ್ವವಿದ್ಯಾಲಯಗಳು ಇದೇ ದುಡ್ಡಿಗಾಗಿ ಹೊರಗಿನವರನ್ನು ಕರೆದು ಕೂರಿಸಿದವು. ಸ್ಥಳೀಯರು ನಮ್ಮ ಮಕ್ಕಳಿಗೆ ಸೀಟಿಲ್ಲವೆಂದು ಗದ್ದಲ ಎಬ್ಬಿಸಿದರು. 2017ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತನ್ನ ಐದು ಕ್ಯಾಂಪಸ್‌ಗಳಲ್ಲಿ ಹೊರಗಿನವರಿಗೆ ಶೇ 18ರ ಮಿತಿ ಹಾಕಿತು.

ನಮ್ಮಲ್ಲೂ ಇದೇ ಜಗಳ ಅಮೆರಿಕದವರಿಗಿಂತ ಮೊದಲೇ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತ್ತು. ಇಂದೋರಿನ ಮೆಡಿಕಲ್ ಕಾಲೇಜಿಗೆ ಸೇರಿದ ದೆಹಲಿಯ ವಿದ್ಯಾರ್ಥಿಯೊಬ್ಬರು, ಮಧ್ಯಭಾರತ ರಾಜ್ಯದವರಿಗಿಲ್ಲದ ಕ್ಯಾಪಿಟೇಷನ್ ಶುಲ್ಕ ತನಗೇಕೆ ಎಂದು ಕೇಳಿದ್ದರು. 1955ರಲ್ಲಿ ಕೋರ್ಟಿನ ಬಹುಮತ, ಹುಟ್ಟಿದ ಊರಿನ ಮೇಲೆ ತಾರತಮ್ಯ ಸಲ್ಲದು, ವಾಸದ ಮೇಲೆ ಸಲ್ಲುತ್ತದೆ ಎಂದಿತು. 1984ರಲ್ಲಿ ಪ್ರದೀಪ್ ಜೈನ್ ಪ್ರಕರಣದಲ್ಲಿ ಅದೇ ಕೋರ್ಟು ಭಾರತಕ್ಕೆಲ್ಲ ಒಂದೇ ಡೊಮಿಸೈಲ್, ರಾಜ್ಯಕ್ಕೊಂದಿಲ್ಲ ಎಂದಿತು. ಸ್ನಾತಕೋತ್ತರ ವೈದ್ಯಕೀಯ ಸೀಟುಗಳನ್ನು ವಾಸದ ಆಧಾರದ ಮೇಲೆ ಮೀಸಲಿಡುವಂತಿಲ್ಲ ಎಂದು 2025ರ ಜನವರಿಯಲ್ಲಿ ಮತ್ತೆ ಹೇಳಿತು. ಸಿಇಟಿ ಬರೆಯುವ ನಮ್ಮ ಮಕ್ಕಳನ್ನು ಮಾತ್ರ ಯಾರೂ ಮುಂದೆ ಎಲ್ಲಿರುತ್ತೀಯಪ್ಪಾ ಎಂದು ಕೇಳುವುದಿಲ್ಲ. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಓದಿನಲ್ಲಿ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದಕ್ಕೆ ಶಾಲೆಯ ಪ್ರಮಾಣಪತ್ರ ತಂದರೆ ಬಹುಪಾಲು ಕೆಲಸ ಮುಗಿಯಿತು. ಆ ಪತ್ರಕ್ಕೆ ಬಿಇಒ ಕಚೇರಿಯ ಮೇಲುರುಜು ಹಾಕಿಸಲು ಬಿಸಿಲಲ್ಲಿ ನಿಂತ ಅಪ್ಪಂದಿರು ಮುಗಿಯಿತೆಂಬ ಮಾತನ್ನು ಒಪ್ಪಲಿಕ್ಕಿಲ್ಲ. ಆದರೂ ಕಳೆದ ವರ್ಷಗಳನ್ನು ಎಣಿಸುವುದು ಮುಂದಿನ ಮನಸ್ಸನ್ನು ಊಹಿಸುವುದಕ್ಕಿಂತ ಪ್ರಾಮಾಣಿಕ ಕೆಲಸ ಎಂದು ನನಗನ್ನಿಸುತ್ತದೆ.

ಅಮೆರಿಕದಲ್ಲಿ ಮನಸ್ಸಿನ ಪರೀಕ್ಷೆ ಪರದೇಶದವರ ಮಕ್ಕಳ ಮಟ್ಟಿಗೆ ಇನ್ನೂ ಬಿಗಿ. ವಿಶ್ವಬ್ಯಾಂಕಿನಂಥ ಅಂತರರಾಷ್ಟ್ರೀಯ ಸಂಸ್ಥೆಗಳ ನೌಕರರ ಮಕ್ಕಳು ಮೇರಿಲ್ಯಾಂಡ್‌ನಲ್ಲೇ ಬೆಳೆದರೂ, ಜಿ-4 ವೀಸಾದವರು ಎಂದು ಅಲ್ಲಿನ ವಿಶ್ವವಿದ್ಯಾಲಯ ಹೊರಗಿನ ದರ ಹಾಕುತ್ತಿತ್ತು. ಅಪ್ಪನ ಸಂಬಳಕ್ಕೆ ತೆರಿಗೆ ವಿನಾಯಿತಿ ಇದೆಯಲ್ಲ ಎಂಬುದು ಅದರ ಸಮರ್ಥನೆಗಳಲ್ಲಿ ಒಂದು. ಮೂರು ಸಲ ಸುಪ್ರೀಂ ಕೋರ್ಟಿಗೆ ಹೋದ ಈ ವ್ಯಾಜ್ಯದಲ್ಲಿ 1982ರಲ್ಲಿ ಮಕ್ಕಳು ಗೆದ್ದರು: ಯಾವ ವೀಸಾದವರು ದೇಶದಲ್ಲಿ ನೆಲೆಸಬಹುದೆಂದು ಹೇಳುವುದು ಕೇಂದ್ರ ಸರ್ಕಾರ, ಅದರ ಮೇಲೆ ರಾಜ್ಯ ಹೊರೆ ಹೇರುವಂತಿಲ್ಲ. ದಾಖಲೆಯಿಲ್ಲದೆ ಬಂದವರ ಮಕ್ಕಳಿಗೆ 2001ರಲ್ಲಿ ಟೆಕ್ಸಾಸ್ ಎಲ್ಲರಿಗಿಂತ ಮೊದಲು ರಾಜ್ಯದ ದರ ಕೊಟ್ಟಿತು, ಅದೇ ವರ್ಷ ಕ್ಯಾಲಿಫೋರ್ನಿಯಾವೂ ಕೊಟ್ಟಿತು. ಟೆಕ್ಸಾಸ್‌ನ ಆ ಕಾನೂನಿನ ವಿರುದ್ಧ 2025ರ ಜೂನ್ 4ರಂದು ಕೇಂದ್ರ ಸರ್ಕಾರ ದಾವೆ ಹೂಡಿತು. ರಾಜ್ಯ ಸರ್ಕಾರವೇ ಹೂಂಗುಟ್ಟಿತು. ಅಂದೇ ಆದೇಶ ಹೊರಟು, ಇಪ್ಪತ್ನಾಲ್ಕು ವರ್ಷದ ಕಾನೂನು ನಿಂತಿತು.

ಅಮೆರಿಕದ ಕನ್ನಡದ ಮನೆಗಳಿಗೆ ಇದು ತಟ್ಟುವುದು ಎಚ್-4 ವೀಸಾದ ಮೂಲಕ. ಅಪ್ಪ ಅಥವಾ ಅಮ್ಮ ಎಚ್-1ಬಿ ಮೇಲೆ ಕೆಲಸಕ್ಕಿದ್ದರೆ ಮಕ್ಕಳಿಗೆ ಎಚ್-4. ಎಚ್-1ಬಿ ಮೇಲಿರುವವರು ಅಲ್ಲೇ ನೆಲೆಸುವ ಉದ್ದೇಶ ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯಿಲ್ಲವಾದ್ದರಿಂದ, ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಎಚ್-4 ಮಕ್ಕಳೂ ರಾಜ್ಯದ ದರಕ್ಕೆ ಅರ್ಹರು. ಆದರೆ 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಭಾರತೀಯರ ಗ್ರೀನ್ ಕಾರ್ಡಿನ ಸರದಿ ಎಷ್ಟು ಉದ್ದವೆಂದರೆ, ಅಷ್ಟರೊಳಗೆ ಅದು ಕೈಸೇರುವ ಭರವಸೆಯಿಲ್ಲ. ಓದು ಮುಂದುವರಿಸಲು ಸಾಮಾನ್ಯವಾಗಿ ಉಳಿಯುವ ದಾರಿ ಎಫ್-1, ವಿದ್ಯಾರ್ಥಿ ವೀಸಾ. ಅದನ್ನು ಪಡೆಯಲು, ತಾಯ್ನಾಡಿನಲ್ಲಿ ನನಗೊಂದು ನೆಲೆಯಿದೆ, ಅದನ್ನು ಬಿಡುವ ಉದ್ದೇಶವಿಲ್ಲ ಎಂದು ಒಪ್ಪಿಸಬೇಕು. ನಾಲ್ಕನೇ ವಯಸ್ಸಿಗೆ ದಾವಣಗೆರೆ ಬಿಟ್ಟು ಡಲ್ಲಾಸಿನಲ್ಲಿ ಬೆಳೆದ ಹುಡುಗ ಡಿಗ್ರಿಯ ಮೂರನೇ ವರ್ಷದ ನಡುವೆ ತನ್ನ ನೆಲೆ ದಾವಣಗೆರೆ ಎನ್ನಬೇಕು. ಹಾಗೆಂದ ಮೇಲೆ ಹಲವು ರಾಜ್ಯಗಳಲ್ಲಿ ಅವನು ಹೊರಗಿನವನಾಗುತ್ತಾನೆ, ಫೀಸು ಏರುತ್ತದೆ. ಇಂಥ ಮಕ್ಕಳಿಗೆಂದೇ ‘ಅಮೆರಿಕಾಸ್ ಚಿಲ್ಡ್ರನ್ ಆ್ಯಕ್ಟ್’ ಎಂಬ ಮಸೂದೆ 2021ರಲ್ಲಿ ಅಮೆರಿಕದ ಸಂಸತ್ತಿಗೆ ಬಂತು, 2023ರಲ್ಲಿ ಮತ್ತೆ ಬಂತು. ಎರಡು ಸಲವೂ ಸಂಸತ್ತಿನ ಅವಧಿ ತೀರುವವರೆಗೆ ಅದು ಮತಕ್ಕೆ ಬರಲೇ ಇಲ್ಲ.