ಕೋಳಿಯ ಚೀಲದಿಂದ ಹೊರಟ ಕೀರ್ತಿ

ವಿಜ್ಞಾನಿಯೊಬ್ಬನ ದೊಡ್ಡತನವನ್ನು ಅಳೆಯುವುದು ಹೇಗೆ? ಅವನ ಲೇಖನವನ್ನು ಅನಂತರದವರು ತಮ್ಮ ಲೇಖನಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆಂದು ಎಣಿಸುವುದು ಈಗಿನ ರೂಢಿ. ಅಮೆರಿಕದ ಫಿಲಡೆಲ್ಫಿಯಾದ ಯೂಜೀನ್ ಗಾರ್ಫೀಲ್ಡ್ ಎಂಬವರು 1964ರಲ್ಲಿ ಇಂಥ ಉಲ್ಲೇಖಗಳ ಸೂಚಿಯನ್ನು ಹೊರತಂದ ಮೇಲೆ ಈ ಲೆಕ್ಕ ಸುಲಭವಾಯಿತು. ಕೆಲಸಕ್ಕೆ, ಬಡ್ತಿಗೆ, ಸಂಶೋಧನೆಯ ಹಣಕ್ಕೆ ಇಂದು ಇದನ್ನೇ ಕೇಳುತ್ತಾರೆ. ಪಿಎಚ್.ಡಿ. ಮಾಡುವ ಮಕ್ಕಳಿರುವ ಮನೆಯವರಿಗೆ ಇದರ ಬಿಸಿ ತಟ್ಟಿಯೇ ಇರುತ್ತದೆ. ಈ ಅಳತೆಗೋಲಿನ ಗುಣವನ್ನೂ ದೋಷವನ್ನೂ ಒಟ್ಟಿಗೆ ಕಾಣಬೇಕಾದರೆ ಬ್ರೂಸ್ ಗ್ಲಿಕ್ ಎಂಬವರ ವೃತ್ತಾಂತವನ್ನು ನೋಡಬೇಕು.

ಕೋಳಿಯ ಗುದದ್ವಾರದ ಬಳಿ, ಒಳಗಡೆ, ಒಂದು ಸಣ್ಣ ಚೀಲವುಂಟು. ಇಟೆಲಿಯ ಪಡುವಾದಲ್ಲಿ ಅಧ್ಯಾಪಕರಾಗಿದ್ದ ಫ್ಯಾಬ್ರಿಸಿಯಸ್ ಇದನ್ನು ವರ್ಣಿಸಿದ್ದರು. ಅವರ ಆ ಗ್ರಂಥ ಪ್ರಕಟವಾದದ್ದು 1621ರಲ್ಲಿ, ಅವರು ತೀರಿಕೊಂಡ ಬಳಿಕ. ಅವರ ಹೆಸರಿನಿಂದಲೇ ಅದಕ್ಕೆ 'ಫ್ಯಾಬ್ರಿಸಿಯಸ್‌ನ ಬರ್ಸಾ' ಎನ್ನುತ್ತಾರೆ. ಮುನ್ನೂರು ವರ್ಷ ಕಳೆದರೂ ಅದು ಏತಕ್ಕಿದೆ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

1950ರ ದಶಕದ ಮೊದಲಲ್ಲಿ ಗ್ಲಿಕ್ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಕೋಳಿ ಸಾಕಣೆ ವಿಭಾಗದ ವಿದ್ಯಾರ್ಥಿ. ಅಧ್ಯಾಪಕರು ಹೆಬ್ಬಾತನ್ನು ಸೀಳುತ್ತಿದ್ದಾಗ ಈ ಚೀಲದ ಕೆಲಸವೇನೆಂದು ಪ್ರಶ್ನೆ ಬಂತಂತೆ; ನೀನೇ ಹುಡುಕಿ ತಿಳಿ ಎಂಬರ್ಥದ ಉತ್ತರವೂ ಸಿಕ್ಕಿತಂತೆ. ಗ್ಲಿಕ್ ಮರಿಗಳ ಚೀಲವನ್ನು ಕತ್ತರಿಸಿ ತೆಗೆದು ಕಾದರು. ಮರಿಗಳು ಯಾವ ವ್ಯತ್ಯಾಸವೂ ಇಲ್ಲದೆ ಬೆಳೆದವು! ಅಷ್ಟರಲ್ಲಿ ಸಹಪಾಠಿ ತಿಮೋತಿ ಚಾಂಗ್‌ಗೆ ಪಾಠದ ಪ್ರಯೋಗಕ್ಕೆ ಕೋಳಿಗಳು ಬೇಕಾದವು. ಸಾಲ್ಮೊನೆಲ್ಲ ರೋಗಾಣುವಿನ ಚುಚ್ಚುಮದ್ದು ಕೊಟ್ಟರೆ ಕೋಳಿಯ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುವುದನ್ನು ತೋರಿಸುವುದು ಅವರ ಉದ್ದೇಶ. ಗ್ಲಿಕ್ ತಮ್ಮ ಚೀಲವಿಲ್ಲದ ಕೋಳಿಗಳನ್ನೇ ಕೊಟ್ಟರು. ಪ್ರಯೋಗ ಕೆಟ್ಟಿತು, ಪ್ರತಿಕಾಯವೇ ಇಲ್ಲ. ಕೆಟ್ಟ ಪ್ರಯೋಗವೆಂದು ಎಸೆಯದೆ ಇಬ್ಬರೂ ಅದನ್ನು ಹೆಚ್ಚು ಕೋಳಿಗಳ ಮೇಲೆ ಮತ್ತೆ ನಡೆಸಿದರು. ರೋಗದ ವಿರುದ್ಧ ಪ್ರತಿಕಾಯ ತಯಾರಿಗೆ ಆ ಚೀಲ ಬೇಕೆಂಬುದು ಹೀಗೆ ಗೊತ್ತಾಯಿತು.

ಲೇಖನವನ್ನು 'ಸೈನ್ಸ್' ಪತ್ರಿಕೆಗೆ ಕಳುಹಿಸಿದರೆ ಅದು ಹಿಂದೆ ಬಂತು. ಕೊನೆಗೆ ಚಾಂಗ್ ಮತ್ತು ಜಾರ್ಜ್ ಜಾಪ್ ಅವರ ಹೆಸರುಗಳೊಡನೆ 1956ರಲ್ಲಿ ಅಚ್ಚಾದದ್ದು 'ಪೌಲ್ಟ್ರಿ ಸೈನ್ಸ್' ಎಂಬ ಕೋಳಿ ಸಾಕಣೆಯ ಪತ್ರಿಕೆಯಲ್ಲಿ. ಮನುಷ್ಯರ ರೋಗಗಳನ್ನು ಅಭ್ಯಸಿಸುವ ಪಂಡಿತರು ಕೋಳಿಯವರ ಪತ್ರಿಕೆಯನ್ನು ಏಕೆ ಬಿಡಿಸಿ ನೋಡುತ್ತಾರೆ? ಕೆಲವು ವರ್ಷ ಅದನ್ನು ಕೇಳುವವರೇ ಕಡಿಮೆ. ಆಗ ಈ ಎಣಿಕೆಯಿಂದಲೇ ಅಳೆದಿದ್ದರೆ ಗ್ಲಿಕ್‌ರಿಗೆ ದಕ್ಕುತ್ತಿದ್ದುದು ಸೊನ್ನೆಗೆ ಹತ್ತಿರದ ಅಂಕ.

1961ರಲ್ಲಿ ಜಾಕ್ ಮಿಲ್ಲರ್ ಇಲಿಗಳಲ್ಲಿ ಥೈಮಸ್ ಗ್ರಂಥಿಯ ಮಹತ್ವವನ್ನು ತೋರಿಸಿದರು. 1965ರಲ್ಲಿ ಮಿನ್ನೆಸೋಟದ ಮ್ಯಾಕ್ಸ್ ಕೂಪರ್ ಮತ್ತು ಸಂಗಡಿಗರು ಕೋಳಿಮರಿಗಳಲ್ಲೇ ಪ್ರಯೋಗಿಸಿ, ದೇಹದ ರಕ್ಷಣೆಗೆ ಎರಡು ಬೇರೆ ಬೇರೆ ಪಡೆಗಳಿವೆಯೆಂದು ಸ್ಥಾಪಿಸಿದರು: ಒಂದು ಥೈಮಸ್‌ನದು, ಇನ್ನೊಂದು ಬರ್ಸಾದ್ದು. 'ಟಿ' ಕೋಶ, 'ಬಿ' ಕೋಶ ಎಂಬ ಹೆಸರುಗಳು ಬಂದದ್ದು ಇದರಿಂದಲೇ. ಮನುಷ್ಯರಲ್ಲಿ ಬರ್ಸಾ ಇಲ್ಲ, ಬಿ ಕೋಶಗಳು ಹುಟ್ಟುವುದು ಎಲುಬಿನ ಮಜ್ಜೆಯಲ್ಲಿ. ಇಂಗ್ಲಿಷಿನಲ್ಲಿ ಅದರ ಹೆಸರೂ 'ಬಿ' ಅಕ್ಷರದಿಂದಲೇ ಆರಂಭವಾಗುವುದರಿಂದ ಹೆಸರು ಬದಲಿಸುವ ತಾಪತ್ರಯ ತಪ್ಪಿತು. ಪದೇ ಪದೇ ಸೋಂಕು ತಗಲುತ್ತಿದ್ದ ಎಂಟು ವರ್ಷದ ಹುಡುಗನ ರಕ್ತದಲ್ಲಿ ಗಾಮಾ ಗ್ಲೋಬ್ಯುಲಿನ್ ಇಲ್ಲವೆಂದು 1952ರಲ್ಲಿ ಡಾ. ಆಗ್ಡನ್ ಬ್ರೂಟನ್ ವರದಿ ಮಾಡಿದ್ದರು. ಬಿ ಕೋಶಗಳು ಬೆಳೆಯದಿದ್ದರೆ ಹೀಗಾಗುತ್ತದೆ ಎಂಬುದು ಅನಂತರ ಸ್ಪಷ್ಟವಾಯಿತು.

ಅಲ್ಲಿಂದ ಮೇಲೆ ಕೋಳಿ ಪತ್ರಿಕೆಯ ಆ ಪುಟ್ಟ ಲೇಖನವನ್ನು ಹೆಸರಿಸದೆ ಈ ವಿದ್ಯೆಯ ಚರಿತ್ರೆಯನ್ನು ಬರೆಯಲಾಗದೆಂಬ ಸ್ಥಿತಿ ಬಂತು. ಲೇಖನ ಅದೇ, ಅಕ್ಷರಗಳೂ ಅವೇ. ಬದಲಾದದ್ದು ಓದುವವರು ಮಾತ್ರ. ತನ್ನ ಲೇಖನವನ್ನು ತಾನೇ ಉಲ್ಲೇಖಿಸಿ, ಗೆಳೆಯರಿಂದಲೂ ಉಲ್ಲೇಖಿಸಿಕೊಂಡು ಅಂಕ ಏರಿಸಿಕೊಳ್ಳುವವರೂ ಇದ್ದಾರೆನ್ನಿ. ಅಂಥವರ ಲೆಕ್ಕವೂ ಇದೇ ಪಟ್ಟಿಯಲ್ಲಿ ಸೇರುತ್ತದೆ.

ಗ್ಲಿಕ್ ಮಿಸಿಸಿಪ್ಪಿ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಬಹುಕಾಲ ಕೋಳಿಗಳ ಮೇಲೆಯೇ ಕೆಲಸ ಮಾಡಿ, 2009ರಲ್ಲಿ ತೀರಿಕೊಂಡರು. 2019ರಲ್ಲಿ ಮಿಲ್ಲರ್ ಮತ್ತು ಕೂಪರ್ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು.

ನಮ್ಮಲ್ಲಿ ಕೋಳಿ ಸಾಕುವವರು 'ಗಂಬೋರೊ' ರೋಗವನ್ನು ಬಲ್ಲರು. ಆ ವೈರಸ್ ಮರಿಗಳ ಇದೇ ಚೀಲವನ್ನು ಹಾಳುಮಾಡುತ್ತದೆ. ಬದುಕುಳಿದ ಮರಿಗೆ ಆಮೇಲೆ ಬೇರೆ ರೋಗಗಳ ಲಸಿಕೆ ಹಾಕಿಸಿದರೂ ಅದು ಸರಿಯಾಗಿ ಹಿಡಿಯದಿರುವುದಕ್ಕೆ ಕಾರಣ ಇದೇ.